ಕೈಯಿಂದ ತಳ್ಳಿ ಕಟ್ಟಿದ ಐದು ಲಕ್ಷ ಕಾರುಗಳು

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಿಂದ ದಕ್ಷಿಣಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ ಅಬಿಂಗ್ಡನ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿದ್ದ ಎಂಜಿ ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ಅಚ್ಚಿಗೆ ಒತ್ತುವ ದೊಡ್ಡ ಯಂತ್ರಗಳಿರಲಿಲ್ಲ. ಎಂಜಿನ್ ಎರಕ ಹೊಯ್ಯುವ ಕುಲುಮೆ ಇರಲಿಲ್ಲ. ಕಾರುಗಳನ್ನು ತಾನಾಗಿ ಮುಂದಕ್ಕೆ ಸಾಗಿಸುವ ಚಲಿಸುವ ಪಟ್ಟಿಯೂ ಇರಲಿಲ್ಲ. ಹೆನ್ರಿ ಫೋರ್ಡ್ 1913ರಲ್ಲೇ ಚಲಿಸುವ ಜೋಡಣಾ ಸಾಲನ್ನು ತೋರಿಸಿಕೊಟ್ಟಿದ್ದರೂ, 1980ರವರೆಗೆ ಅಬಿಂಗ್ಡನ್ನಿನ ಕೆಲಸಗಾರರು ತಮ್ಮ ಪಾಲಿನ ಕೆಲಸ ಮುಗಿದ ಮೇಲೆ ಕಾರನ್ನು ಕೈಯಿಂದಲೇ ಮುಂದಿನವರ ಬಳಿಗೆ ತಳ್ಳುತ್ತಿದ್ದರು. ಆ ರೀತಿಯಲ್ಲೇ 1962ರಿಂದ 1980ರ ನಡುವೆ ಎಂಜಿಬಿ ಎಂಬ ಒಂದೇ ವಂಶದ ಐದು ಲಕ್ಷಕ್ಕೂ ಹೆಚ್ಚು ಸ್ಪೋರ್ಟ್ಸ್ ಕಾರುಗಳು ಅಲ್ಲಿಂದ ಹೊರಬಿದ್ದವು.

ಸ್ಪೋರ್ಟ್ಸ್ ಕಾರು ಎಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಇಟಲಿಯ ಫೆರಾರಿ, ಜರ್ಮನಿಯ ಪೋರ್ಶೆ. ಅವುಗಳ ಬೆಲೆಯೂ ಹಾಗೇ, ಅವು ಇರುವ ಲೋಕವೂ ಹಾಗೇ. ಎಂಜಿಬಿ ಆ ಸಾಲಿನದಲ್ಲ. ಶಾಲಾ ಮೇಷ್ಟ್ರು, ಆಗಷ್ಟೇ ನೌಕರಿಗೆ ಸೇರಿದ ನರ್ಸ್, ಅಮೆರಿಕದ ಕಾಲೇಜು ಹುಡುಗ ಇಂಥವರು ಕೊಳ್ಳಬಹುದಾದ, ಎರಡು ಸೀಟಿನ, ಮೇಲ್ಚಾವಣಿ ಮಡಚಬಹುದಾದ ಕಾರು ಅದು. ಅಷ್ಟು ಅಗ್ಗವಾಗಿ ಅಂಥ ಕಾರು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಉತ್ತರ ಅದನ್ನು ಜೋಡಿಸಿದ ಕ್ರಮದಲ್ಲೇ ಇದೆ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ವಿಲಿಯಂ ಮಾರಿಸ್ ಆಕ್ಸ್‌ಫರ್ಡ್‌ನಲ್ಲಿ ಸೈಕಲ್ ರಿಪೇರಿಯಿಂದ ಶುರುಮಾಡಿ ಬ್ರಿಟನ್ನಿನ ಅತಿ ದೊಡ್ಡ ಕಾರು ತಯಾರಕರಲ್ಲಿ ಒಬ್ಬನಾದವನು. ಅವನ ಗ್ಯಾರೇಜಿನ ವ್ಯವಸ್ಥಾಪಕ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳ ಅಡಿಪಾಯದ ಮೇಲೆ ಚೆಲುವಾದ, ಹಗುರವಾದ ಮೈ ಕಟ್ಟಿಸಿ ಮಾರತೊಡಗಿದ. ಮನೆಮಂದಿಯ ಕಾರಿನ ಭಾಗಗಳನ್ನೇ ಹೊಸದಾಗಿ ಹೊಂದಿಸಿ ಉತ್ಸಾಹದ ಕಾರು ಮಾಡುವುದು ಅವನ ಉಪಾಯ. ಎಂಜಿಯ ಮುಂದಿನ ಐವತ್ತು ವರ್ಷದ ಬದುಕು ನಡೆದದ್ದು ಇದೇ ಉಪಾಯದ ಮೇಲೆ. 1929ರಲ್ಲಿ ಸಂಸ್ಥೆ ಅಬಿಂಗ್ಡನ್ನಿನ ಪಾವ್ಲೋವಾ ಚರ್ಮದ ಕಾರ್ಖಾನೆಯ ಕಟ್ಟಡಗಳಿಗೆ ಬಂತು. ಚರ್ಮ ಹದಮಾಡುವವರಿಗೆಂದು ಕಟ್ಟಿದ ಶೆಡ್ಡುಗಳಲ್ಲಿ ಕಾರಿನ ಜೋಡಣೆ ಶುರುವಾಯಿತು.

ಎಂಜಿಬಿಯ ಹಿಂದಿನ ಎಂಜಿಎಗೆ ಬೇರೆಯೇ ಆದ ಉಕ್ಕಿನ ಚಾಸಿ ಇತ್ತು. ಮೊದಲು ಚಾಸಿ ಸಿದ್ಧಮಾಡಿ, ಎಂಜಿನ್ನು ಚಕ್ರಗಳನ್ನು ಕೂರಿಸಿ, ಆಮೇಲೆ ಮೇಲಿನಿಂದ ಬಾಡಿ ಇಳಿಸಿ ಬೋಲ್ಟು ಬಿಗಿಯುವ ಹಳೆಯ ಪದ್ಧತಿ ಅದು. ಎಂಜಿಬಿಯಲ್ಲಿ ಮುಖ್ಯ ಎಂಜಿನಿಯರ್ ಸಿಡ್ ಎನೆವರ್ ಮತ್ತು ಬಾಡಿಯ ರೂಪರೇಖೆ ಎಳೆದ ಡಾನ್ ಹೇಟರ್ ಚಾಸಿಯನ್ನೇ ತೆಗೆದುಹಾಕಿದರು. ಬಾಡಿಯೇ ಚಾಸಿ. ಮೇಲೆ ಛಾವಣಿ ಇಲ್ಲದ ತೆರೆದ ಕಾರಿಗೆ ಇದು ಸುಲಭದ ಮಾತಲ್ಲ. ಮುಚ್ಚಿದ ಕಾರಿನಲ್ಲಿ ಛಾವಣಿ ಕಂಬಗಳು ಸೇರಿ ಇಡೀ ಮೈಯನ್ನು ಸೆಟೆದು ನಿಲ್ಲಿಸುತ್ತವೆ. ಅದು ಇಲ್ಲದಿದ್ದಾಗ ಕಾರು ನಡುವಿನಲ್ಲಿ ಬಾಗದಂತೆ ತಡೆಯಬೇಕಾದ್ದು ಬಾಗಿಲುಗಳ ಕೆಳಗೆ ಉದ್ದಕ್ಕೂ ಓಡುವ ಹೊಸ್ತಿಲಿನ ಪಟ್ಟಿ. ಎಂಜಿಬಿಯಲ್ಲಿ ಆ ಹೊಸ್ತಿಲನ್ನು ಒಳತಗಡು, ನಡುವೆ ಇನ್ನೊಂದು ತಗಡು, ಹೊರತಗಡು ಎಂದು ಪದರ ಪದರವಾಗಿ ಬೆಸೆದು ಪೆಟ್ಟಿಗೆಯಂತೆ ಕಟ್ಟಿದರು. ಕಾರಿನ ಪ್ರಾಣವೆಲ್ಲ ಅಲ್ಲಿದೆ. ಮುಂದೆ ಅದೇ ಪೆಟ್ಟಿಗೆಯೊಳಗೆ ನೀರು ನಿಂತು ತುಕ್ಕು ಹಿಡಿದು ಸಾವಿರಾರು ಎಂಜಿಬಿಗಳು ಗುಜರಿ ಸೇರಿದವು ಎಂಬುದೂ ನಿಜ. ಹೊರಗಿನಿಂದ ಹೊಳೆಯುವ ಕಾರಿನ ಹೊಸ್ತಿಲು ಒಳಗೆ ಪೂರ್ತಿ ಪುಡಿಯಾಗಿರುವುದು ಹಳೆಯ ಎಂಜಿಬಿ ಕೊಳ್ಳುವವರ ಮೊದಲ ಭಯ.

ಎನೆವರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಮಾರಿಸ್ ಗ್ಯಾರೇಜಿಗೆ ಸಣ್ಣಪುಟ್ಟ ಕೆಲಸದ ಹುಡುಗನಾಗಿ ಸೇರಿ, ಕೈಕೆಲಸದಿಂದಲೇ ಕಲಿತು, ಕೊನೆಗೆ ಇಡೀ ಸಂಸ್ಥೆಯ ಮುಖ್ಯ ಎಂಜಿನಿಯರ್ ಆದವನು. ಜೋಡಿಸುವವನ ಕೈ ಎಲ್ಲಿಗೆ ಹೋಗುತ್ತದೆ, ಸ್ಪ್ಯಾನರ್ ಎಲ್ಲಿ ತಿರುಗುತ್ತದೆ ಎಂಬುದು ಅವನಿಗೆ ಬೇರೆಯವರು ಹೇಳಿ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಬಾಡಿಯ ಉಕ್ಕಿನ ಚಿಪ್ಪು ಬರುತ್ತಿದ್ದುದು ಸ್ವಿಂಡನ್ ಊರಿನ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯಿಂದ. ತಗಡನ್ನು ಅಚ್ಚೊತ್ತುವ ಡೈಗಳಿಗೆ ತಗಲುವ ಖರ್ಚು ದೊಡ್ಡದು. ಅಬಿಂಗ್ಡನ್ನಿನ ಮುಖ್ಯಸ್ಥ ಜಾನ್ ಥಾರ್ನ್‌ಲಿ ಆ ಹಣವನ್ನು ಮುಂಗಡವಾಗಿ ಪೂರ್ತಿ ಕೊಡುವ ಬದಲು, ಡೈಗಳಿಗೆ ಕಡಿಮೆ ಕೊಟ್ಟು, ಪ್ರತಿ ಬಾಡಿಗೆ ತುಸು ಹೆಚ್ಚು ಕೊಡುವ ಒಪ್ಪಂದ ಮಾಡಿಕೊಂಡ. ಕಾರು ಹೆಚ್ಚು ಮಾರದಿದ್ದರೆ ಲಾಭ, ಮಾರಿದರೆ ದುಬಾರಿ. ಐದು ಲಕ್ಷ ಮಾರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ. ಆದರೆ ಆ ಒಪ್ಪಂದ ಇಲ್ಲದಿದ್ದರೆ ಕಾರೇ ಹುಟ್ಟುತ್ತಿರಲಿಲ್ಲವಾದ್ದರಿಂದ ಅದನ್ನು ತಪ್ಪು ಎನ್ನಲಾಗದು.

ಉಳಿದ ಭಾಗಗಳೂ ದೇಶದ ಮೂಲೆ ಮೂಲೆಗಳಿಂದ ಲಾರಿ ಏರಿ ಬರುತ್ತಿದ್ದವು. ಎಂಜಿನ್ ಕವೆಂಟ್ರಿಯಿಂದ, ಎಸ್‌ಯು ಕಾರ್ಬ್ಯುರೇಟರ್ ಮತ್ತು ಲೂಕಸ್ ವಿದ್ಯುತ್ ಸಾಮಗ್ರಿ ಬರ್ಮಿಂಗ್‌ಹ್ಯಾಮ್ ಕಡೆಯಿಂದ. ಮೀಟರುಗಳು ಸ್ಮಿತ್ಸ್ ಕಂಪನಿಯವು, ಶಾಕ್ ಅಬ್ಸಾರ್ಬರ್ ಆರ್ಮ್‌ಸ್ಟ್ರಾಂಗ್ ಕಂಪನಿಯವು. ಹೀಗೆ ನೋಡಿದರೆ ಅಬಿಂಗ್ಡನ್ ಏನನ್ನೂ ತಯಾರಿಸಲಿಲ್ಲ. ಅಲ್ಲಿ ನಡೆದದ್ದು ಜೋಡಣೆ ಮಾತ್ರ. ಈ 'ಮಾತ್ರ' ಎಂಬ ಪದವನ್ನು ಲಂಡನ್ನಿನ ಕಚೇರಿಗಳಲ್ಲಿ ಕುಳಿತವರು ಮುಂದೆ ತುಂಬ ಹಗುರಾಗಿ ತೆಗೆದುಕೊಂಡರು.

ಎಂಜಿನ್ನಿನ ಕಥೆ ಭಾರತದ ಓದುಗರಿಗೆ ಹತ್ತಿರದ್ದು. ಎಂಜಿಬಿಯ 1798 ಸಿಸಿ ಎಂಜಿನ್, ಎಂಜಿ ಆಗ ಸೇರಿದ್ದ ಬಿಎಂಸಿ ಸಂಸ್ಥೆಯ 'ಬಿ ಸರಣಿ'ಗೆ ಸೇರಿದ್ದು. ಅದೇ ಸರಣಿಯ 1489 ಸಿಸಿ ಎಂಜಿನ್ ನಮ್ಮ ಅಂಬಾಸಿಡರ್ ಕಾರಿನಲ್ಲಿತ್ತು. ವಿಧಾನಸೌಧದ ಮೆಟ್ಟಿಲ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರುಗಳು, ಊರೂರಿನ ಬಾಡಿಗೆ ಟ್ಯಾಕ್ಸಿಗಳು ದಶಕಗಳ ಕಾಲ ಓಡಿದ್ದು ಎಂಜಿಬಿಯ ಎಂಜಿನ್ನಿನ ದಾಯಾದಿಯ ಬಲದ ಮೇಲೆ. ಎರಕದ ಕಬ್ಬಿಣದ, ಭಾರವಾದ, ಎಷ್ಟು ದುಡಿಸಿದರೂ ದುಡಿಯುವ ಎಂಜಿನ್ ಅದು. ಎಂಜಿಬಿಯಲ್ಲಿ ಅದಕ್ಕೆ ಎರಡು ಕಾರ್ಬ್ಯುರೇಟರ್ ಹಾಕಿ ಸುಮಾರು 95 ಅಶ್ವಶಕ್ತಿ ತೆಗೆದರು. ಕಾರು ಗಂಟೆಗೆ 100 ಮೈಲಿ ದಾಟಿತು. ಮೊದಲು ಮೂರು ಬೇರಿಂಗುಗಳ ಮೇಲೆ ತಿರುಗುತ್ತಿದ್ದ ಕ್ರ್ಯಾಂಕ್‌ಶಾಫ್ಟ್‌ಗೆ 1964ರಲ್ಲಿ ಐದು ಬೇರಿಂಗುಗಳು ಬಂದವು. ಅಲ್ಲಿಗೆ ಅದು ಇನ್ನಷ್ಟು ಮೃದುವಾಗಿ ಓಡತೊಡಗಿತು.

ಬಣ್ಣ ಬಳಿದ ಬಾಡಿಗಳು ಅಬಿಂಗ್ಡನ್ ತಲುಪಿದ ಮೇಲೆ ಕೆಲಸ ಶುರು. ಬಾಡಿಯನ್ನು ಮೊದಲು ಶೆಡ್ಡಿನ ಮೇಲಂತಸ್ತಿಗೆ ಏರಿಸುತ್ತಿದ್ದರು. ಅಲ್ಲಿ ವೈರಿಂಗ್ ಕಂತೆಯನ್ನು ಬಾಡಿಯೊಳಗೆ ಹಾಯಿಸುವುದು, ದೀಪ, ಡ್ಯಾಶ್‌ಬೋರ್ಡು, ಒಳಸಜ್ಜಿನಂಥ ಕೆಲಸಗಳು ನಡೆಯುತ್ತಿದ್ದವು. ಆಮೇಲೆ ಕೆಳಗಿನ ಸಾಲಿಗೆ ಇಳಿಸಿ ಯಂತ್ರಭಾಗಗಳನ್ನು ಕೂರಿಸುತ್ತಿದ್ದರು.

ಕೆಳಗಿನ ಸಾಲಿನ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಎಂಜಿಬಿಯ ಮುಂಭಾಗದ ಸಸ್ಪೆನ್ಷನ್ ಬಿಡಿಬಿಡಿಯಾಗಿ ಕಾರಿಗೆ ಸೇರುವುದಿಲ್ಲ. ದಪ್ಪ ಉಕ್ಕಿನ ಒಂದು ಅಡ್ಡತೊಲೆಯ ಎರಡೂ ತುದಿಗೆ ಸುರುಳಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಕಿಂಗ್‌ಪಿನ್, ಬ್ರೇಕ್ ಎಲ್ಲವನ್ನೂ ಮೊದಲೇ ಹೊಂದಿಸಿ ಇಟ್ಟಿರುತ್ತಾರೆ. ಸ್ಟಿಯರಿಂಗ್ ರ‍್ಯಾಕ್ ಕೂಡ ಅದೇ ತೊಲೆಯ ಮೇಲೆ ಕೂರುತ್ತದೆ. ಇಡೀ ತೊಲೆಯನ್ನು ಬಾಡಿಯ ಅಡಿಗೆ ತಂದು, ನಡುವೆ ರಬ್ಬರ್ ದಿಂಡುಗಳನ್ನಿಟ್ಟು, ನಾಲ್ಕು ಉದ್ದನೆಯ ಬೋಲ್ಟುಗಳಿಂದ ಬಿಗಿದರೆ ಕಾರಿನ ಮುಂದಿನ ಅರ್ಧ ಮುಗಿದಂತೆ. ಈ ರಚನೆಯಲ್ಲಿ ಇನ್ನೂ ಒಂದು ಜಾಣತನವಿದೆ. ಶಾಕ್ ಅಬ್ಸಾರ್ಬರಿನ ಸನ್ನೆ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳಾಗಿಯೂ ಕೆಲಸ ಮಾಡುತ್ತದೆ. ಒಂದೇ ಭಾಗಕ್ಕೆ ಎರಡು ಕೆಲಸ. ಒಂದು ಭಾಗದ ಖರ್ಚು ಉಳಿಯಿತು, ಜೋಡಿಸುವವನ ಸಮಯವೂ ಉಳಿಯಿತು.

ಇದರ ಮೂಲ ಹುಡುಕುತ್ತ ಹೋದರೆ ಸಿಗುವ ಹೆಸರು ಅಲೆಕ್ ಇಸಿಗೋನಿಸ್. ಮುಂದೆ ಮಿನಿ ಕಾರಿನಿಂದ ಜಗತ್ಪ್ರಸಿದ್ಧನಾದ ಅವನು, ಎರಡನೆಯ ಮಹಾಯುದ್ಧದ ಮೊದಲು ಮಾರಿಸ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ ಸಣ್ಣ ಸಂಸಾರಿಗರ ಕಾರೊಂದಕ್ಕೆಂದು ಈ ರಚನೆಯನ್ನು ರೂಪಿಸಿದ್ದ. 1947ರಲ್ಲಿ ಅದು ಎಂಜಿ ವೈ ಎಂಬ ಗಂಭೀರ ಸೆಡಾನಿನಲ್ಲಿ ಹೊರಬಂತು. ಅಲ್ಲಿಂದ ಟಿಡಿ, ಟಿಎಫ್ ಎಂಬ ಎಂಜಿ ಸ್ಪೋರ್ಟ್ಸ್ ಕಾರುಗಳಿಗೆ, ಎಂಜಿಎಗೆ, ಕೊನೆಗೆ ಎಂಜಿಬಿಗೆ ಹರಿದುಬಂತು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಕಲ್ಪನೆ ಅಬಿಂಗ್ಡನ್ನಿನ ಕೈಗಳಲ್ಲಿ ಪಳಗಿತು. ತಂದೆ ಜೋಡಿಸಿದ್ದನ್ನೇ ಮಗ ಜೋಡಿಸಿದ ಕುಟುಂಬಗಳು ಅಲ್ಲಿದ್ದವು. ಹೊಸತನ ಕಡಿಮೆಯಾಯಿತು ಎಂದು ಪತ್ರಿಕೆಗಳು ಆಡಿಕೊಂಡದ್ದುಂಟು, ಅದರಲ್ಲಿ ಹುರುಳೂ ಇತ್ತು. ಆದರೆ ಪ್ರತಿ ನಟ್ಟಿನ ಸ್ವಭಾವ ಗೊತ್ತಿರುವ ಕೈಗಳಿಂದ ಬಂದ ಕಾರಿನ ನಂಬಿಕೆಯೇ ಬೇರೆ. ಅದನ್ನು ಯಾವ ಹೊಸ ವಿನ್ಯಾಸವೂ ಏಕಾಏಕಿ ತಂದುಕೊಡಲಾರದು.

ಹಿಂಭಾಗದ್ದು ಇನ್ನೂ ಹಳೆಯ ವಿದ್ಯೆ: ಗಟ್ಟಿ ಆಕ್ಸಲ್, ಅದರ ಎರಡು ಬದಿಗೆ ಪಟ್ಟಿ ಸ್ಪ್ರಿಂಗು. ಸೀಟುಗಳ ಹಿಂದೆ ಒಂದು 12 ವೋಲ್ಟಿನ ಬ್ಯಾಟರಿಗೆ ಬದಲು 6 ವೋಲ್ಟಿನ ಎರಡು ಬ್ಯಾಟರಿಗಳು, ನಡುವೆ ಹಾಯುವ ಪ್ರೊಪೆಲ್ಲರ್ ಶಾಫ್ಟಿನ ಆಚೆಗೊಂದು, ಈಚೆಗೊಂದು. ಮೊದಲ ವರ್ಷಗಳ ಕಾರುಗಳಿಗೆ ಅಲ್ಯೂಮಿನಿಯಂ ಬಾನೆಟ್.

ಎಲ್ಲ ಸೇರಿ ಚಕ್ರ ಹಾಕಿ ನೆಲಕ್ಕಿಳಿದ ಮೇಲೆ ತಪಾಸಣೆ. ಚಲಿಸುವ ಪಟ್ಟಿ ಇಲ್ಲದಿರುವುದರ ನಿಜವಾದ ಅರ್ಥ ಇಲ್ಲಿ ತಿಳಿಯುತ್ತದೆ. ಪಟ್ಟಿ ಇರುವ ಕಾರ್ಖಾನೆಯಲ್ಲಿ ವೇಗವನ್ನು ಯಂತ್ರ ನಿರ್ಧರಿಸುತ್ತದೆ. ಬೋಲ್ಟು ಅರ್ಧ ಬಿಗಿದಿದ್ದರೂ ಕಾರು ಮುಂದೆ ಹೋಗಿರುತ್ತದೆ. ಕೈಯಿಂದ ತಳ್ಳುವ ಸಾಲಿನಲ್ಲಿ ಕೆಲಸ ಮುಗಿಯದೆ ಕಾರು ಕದಲುವುದಿಲ್ಲ. ಹಿಂದಿನವನು ಕಾಯುತ್ತಾನೆ, ಇಲ್ಲವೇ ಬಂದು ಕೈಜೋಡಿಸುತ್ತಾನೆ. ಈ ಪದ್ಧತಿ ನಿಧಾನ ಎಂದು ಯಾರಾದರೂ ತಿಳಿದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ: 1972ರಲ್ಲಿ ಅಬಿಂಗ್ಡನ್ 39,000ಕ್ಕೂ ಹೆಚ್ಚು ಎಂಜಿಬಿಗಳನ್ನು ಕಟ್ಟಿತು, ಅಂದರೆ ವಾರಕ್ಕೆ ಸರಾಸರಿ 750ಕ್ಕೂ ಹೆಚ್ಚು. ಅದೇ ಸೂರಿನಡಿ ಮಿಡ್ಜೆಟ್ ಎಂಬ ಇನ್ನೂ ಸಣ್ಣ ಸ್ಪೋರ್ಟ್ಸ್ ಕಾರೂ ತಯಾರಾಗುತ್ತಿತ್ತು. ಕೆಲಸಗಾರರ ಸಂಖ್ಯೆ ಸಾವಿರದ ಮೇಲೆ ಸ್ವಲ್ಪ. ಮುಷ್ಕರಗಳಿಂದ ಬ್ರಿಟನ್ನಿನ ಕಾರು ಉದ್ಯಮ ನಲುಗುತ್ತಿದ್ದ ಆ ಕಾಲದಲ್ಲಿ ಅಬಿಂಗ್ಡನ್ ಶಾಂತವಾಗಿ ದುಡಿಯುವ ಕಾರ್ಖಾನೆ ಎಂದು ಹೆಸರಾಗಿತ್ತು. ಅಲ್ಲಿ ಸಾಲು ನಿಂತದ್ದು ಬಹುಪಾಲು ಬೇರೆಡೆಯ ಮುಷ್ಕರದಿಂದ ಭಾಗಗಳು ಬಾರದಿದ್ದಾಗ.

ಇದೇ ಆವರಣದಲ್ಲಿ ಬಿಎಂಸಿಯ ಸ್ಪರ್ಧಾ ವಿಭಾಗವೂ ಇತ್ತು. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದ ಮಿನಿ ಕೂಪರ್‌ಗಳು ಸಿದ್ಧವಾದದ್ದು ಅಬಿಂಗ್ಡನ್ನಿನಲ್ಲಿ. 1966ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ ಓಟ, ಅಂದರೆ ಮೂರೂವರೆ ದಿನ ಬಿಡದೆ ಓಡುವ ಮ್ಯಾರಥಾನ್, ಗೆದ್ದದ್ದು ಒಂದು ಎಂಜಿಬಿ. ಸಾಧಾರಣ ಭಾಗಗಳ ಕಾರು ಎಂದು ಮೂಗು ಮುರಿಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

1965ರಲ್ಲಿ ಎಂಜಿಬಿಯ ಮುಚ್ಚಿದ ಮಾದರಿ ಜಿಟಿ ಬಂತು. ಆಸ್ಟನ್ ಮಾರ್ಟಿನ್ ಕಾರುಗಳ ಮೇಲೆ ಥಾರ್ನ್‌ಲಿಗಿದ್ದ ಮೋಹ ಅದಕ್ಕೆ ಪ್ರೇರಣೆ. ಇಟಲಿಯ ಪಿನಿನ್‌ಫಾರಿನಾ ಸಂಸ್ಥೆ ಗಾಜನ್ನು ಎತ್ತರಿಸಿ, ಹಿಂದಕ್ಕೆ ಇಳಿಜಾರಾದ ಛಾವಣಿ ಕೂರಿಸಿ, ಗೆರೆಗಳನ್ನು ತಿದ್ದಿಕೊಟ್ಟಿತು. ಆರು ಸಿಲಿಂಡರಿನ ಎಂಜಿಸಿ 1967ರಿಂದ ಎರಡೇ ವರ್ಷ ಬಾಳಿತು. 1973ರಲ್ಲಿ ಬಂದ ವಿ8 ಮಾದರಿ 2,591ಕ್ಕೆ ನಿಂತಿತು.

ನಿಜವಾದ ಪೆಟ್ಟು ಬಿದ್ದದ್ದು ಹೊರಗಿನಿಂದ. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ದೊಡ್ಡ ಸಂಸ್ಥೆ ಹುಟ್ಟಿ, ಎಂಜಿ ಮತ್ತು ಅದರ ಹಳೆಯ ಎದುರಾಳಿ ಟ್ರಯಂಫ್ ಒಂದೇ ಮನೆ ಸೇರಿದವು. ಹಣ ಹರಿದದ್ದು ಟ್ರಯಂಫ್ ಕಡೆಗೆ. ಎಂಜಿಬಿಗೆ ಹೊಸ ಎಂಜಿನ್ ಇಲ್ಲ, ಹೊಸ ಮೈ ಇಲ್ಲ. ಅಷ್ಟರಲ್ಲಿ ಎಂಜಿಬಿಯ ದೊಡ್ಡ ಮಾರುಕಟ್ಟೆಯಾದ ಅಮೆರಿಕದಲ್ಲಿ ನಿಯಮಗಳು ಬಿಗಿಯಾದವು. 1968ರ ಮಾದರಿಗೆ, ಅಪಘಾತವಾದರೆ ಮುಖಕ್ಕೆ ಪೆಟ್ಟಾಗದಂತೆ, ದಪ್ಪ ಮೆತ್ತೆಯ ಡ್ಯಾಶ್‌ಬೋರ್ಡು ಹಾಕಬೇಕಾಯಿತು. ಉತ್ಸಾಹಿಗಳು ಅದನ್ನು 'ಅಬಿಂಗ್ಡನ್ ದಿಂಬು' ಎಂದು ಕರೆದರು. 1974ರ ಕೊನೆಗೆ ಹೊಳೆಯುವ ಕ್ರೋಮ್ ಬಂಪರ್ ಹೋಗಿ ಕಪ್ಪು ರಬ್ಬರಿನಂಥ ಭಾರೀ ಬಂಪರ್ ಬಂತು. ಬಂಪರ್ ಇಷ್ಟೇ ಎತ್ತರದಲ್ಲಿರಬೇಕೆಂಬ ನಿಯಮಕ್ಕಾಗಿ ಇಡೀ ಕಾರನ್ನು ಒಂದೂವರೆ ಇಂಚು ಎತ್ತರಿಸಿದರು. ತಿರುವಿನಲ್ಲಿ ನೆಲಕ್ಕಂಟಿ ಓಡುತ್ತಿದ್ದ ಕಾರು ವಾಲತೊಡಗಿತು. ಹೊಗೆ ನಿಯಮಕ್ಕೆ ತಲೆಬಾಗಿ ಎರಡು ಕಾರ್ಬ್ಯುರೇಟರ್ ಜಾಗದಲ್ಲಿ ಒಂದೇ ಉಳಿಯಿತು. ಅಮೆರಿಕದ ಕಾರುಗಳ ಶಕ್ತಿ ಕುಸಿಯಿತು. ಈ ಬದಲಾವಣೆಗಳನ್ನೆಲ್ಲ ಅಬಿಂಗ್ಡನ್ನಿನ ಎಂಜಿನಿಯರುಗಳು ಕೈಯಲ್ಲಿದ್ದ ಅಲ್ಪ ಹಣದಲ್ಲೇ ಮಾಡಿದರು. ಸುರಕ್ಷತೆಯ, ಹೊಗೆಯ ನಿಯಮಗಳು ಬೇಕಾದವೇ. ಅವುಗಳಿಗೆ ತಕ್ಕ ಹೊಸ ಕಾರು ರೂಪಿಸಲು ಅವಕಾಶ ಕೊಡದೆ ಹಳೆಯದನ್ನೇ ತೇಪೆ ಹಾಕಿ ನಡೆಸಿದ್ದು ಮಾಲೀಕರ ತಪ್ಪು.

1979ರ ಸೆಪ್ಟೆಂಬರಿನಲ್ಲಿ ಅಬಿಂಗ್ಡನ್ ಪಟ್ಟಣ ಎಂಜಿ ಬಂದು 50 ವರ್ಷವಾದದ್ದನ್ನು ಸಂಭ್ರಮದಿಂದ ಆಚರಿಸಿತು. ಅದರ ಬೆನ್ನಿಗೇ, ಸೆಪ್ಟೆಂಬರ್ 10ರ ಸೋಮವಾರ, ಅಲ್ಲಿ ಕಾರು ಜೋಡಣೆ ನಿಲ್ಲಿಸುವುದಾಗಿ ಲೇಲ್ಯಾಂಡ್ ಪ್ರಕಟಿಸಿತು. ಪೌಂಡಿನ ಬೆಲೆ ಏರಿ ಅಮೆರಿಕದಲ್ಲಿ ಪ್ರತಿ ಕಾರಿಗೂ ನಷ್ಟವಾಗುತ್ತಿದೆ ಎಂಬುದು ಅವರು ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆದರೂ ಮುಷ್ಕರಗಳಿಂದ ಹೆಸರು ಕೆಡಿಸಿಕೊಂಡು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಅಲೆದ ಟ್ರಯಂಫ್ ಟಿಆರ್7 ಉಳಿದು, ಮನಸ್ಸಿಟ್ಟು ದುಡಿದವರ ಕಾರ್ಖಾನೆಗೆ ಬೀಗ ಬಿದ್ದದ್ದು ನ್ಯಾಯವೆನ್ನಲಾಗದು. ಆ ಟಿಆರ್7 ಕೂಡ 1981ರಲ್ಲಿ ನಿಂತಿತು. ಎಂಜಿ ಕಾರು ಇಟ್ಟುಕೊಂಡಿದ್ದವರು ಲಂಡನ್ನಿನಲ್ಲಿ ಮೆರವಣಿಗೆ ನಡೆಸಿದರು. ಆಸ್ಟನ್ ಮಾರ್ಟಿನ್ ಮುಖ್ಯಸ್ಥ ಅಲನ್ ಕರ್ಟಿಸ್ ಮುಂದಾಳತ್ವದ ಗುಂಪೊಂದು ಕಾರ್ಖಾನೆ ಕೊಳ್ಳಲು ಮುಂದೆ ಬಂತು, ಮಾತುಕತೆ ಮುರಿದುಬಿತ್ತು. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಸಾಲಿನ ತುದಿ ಮುಟ್ಟಿತು.

ಹೆಸರು ಉಳಿಯಿತು. ಹಲವು ಕೈ ದಾಟಿ ಅದು ಈಗ ಚೀನಾದ ಸಾಯಿಕ್ ಸಂಸ್ಥೆಯದು. ಬೆಂಗಳೂರಿನ ರಸ್ತೆಗಳಲ್ಲಿ ಕಾಣುವ ಎಂಟು ಮೂಲೆಯ ಎಂಜಿ ಲಾಂಛನದ ಕಾರುಗಳು ಗುಜರಾತಿನ ಹಾಲೋಲ್ ಕಾರ್ಖಾನೆಯವು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜೆಎಸ್‌ಡಬ್ಲ್ಯು ಸಮೂಹ ಆ ಕಂಪನಿಯಲ್ಲಿ ಪಾಲುದಾರ. ಲಾಂಛನ ಅದೇ ಆದರೂ ಅಬಿಂಗ್ಡನ್ನಿನ ಜೋಡಣೆಗೂ ಇದಕ್ಕೂ ಬೇರೆ ಸಂಬಂಧವಿಲ್ಲ.

ಸಂಬಂಧ ಉಳಿದಿರುವುದು ಇನ್ನೊಂದು ಕಡೆ. ಎಂಜಿಬಿಯ ಬಾಡಿ ಒತ್ತುತ್ತಿದ್ದ ಮೂಲ ಡೈಗಳನ್ನು ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಹುಡುಕಿ ಒಟ್ಟುಗೂಡಿಸಿತು. 1988ರಲ್ಲಿ ಅವುಗಳಿಂದಲೇ ಹೊಸ ಬಾಡಿ ಚಿಪ್ಪುಗಳನ್ನು ಮಾಡಿ ಮಾರತೊಡಗಿತು. ತುಕ್ಕು ತಿಂದ ಹಳೆಯ ಕಾರಿನ ಎಂಜಿನ್, ಆಕ್ಸಲ್, ಆ ಮುಂದಿನ ಅಡ್ಡತೊಲೆ ಎಲ್ಲವನ್ನೂ ಬಿಚ್ಚಿ ಹೊಸ ಚಿಪ್ಪಿಗೆ ಕೂರಿಸಿಕೊಂಡರೆ ಕಾರು ಮತ್ತೆ ರಸ್ತೆಗಿಳಿಯುತ್ತದೆ. 1990ರ ದಶಕದಲ್ಲಿ, ಎಂಜಿ ಹೆಸರು ಆಗ ಯಾರದಾಗಿತ್ತೋ ಆ ರೋವರ್ ಸಂಸ್ಥೆ ಆರ್‌ವಿ8 ಎಂಬ ಹೆಸರಿನಲ್ಲಿ ಸುಮಾರು 2,000 ಹೊಸ ಕಾರುಗಳನ್ನು ಕಟ್ಟಲು ಸಾಧ್ಯವಾದದ್ದೂ ಈ ಚಿಪ್ಪುಗಳಿಂದಲೇ. ಅವುಗಳಲ್ಲಿ ಬಹುಪಾಲು ಜಪಾನಿಗೆ ಹೋದವು. ಹೆರಿಟೇಜ್ ಸಂಸ್ಥೆ ಆಮೇಲೆ ಆಕ್ಸ್‌ಫರ್ಡ್ ಬಳಿಯ ವಿಟ್ನಿ ಎಂಬ ಊರಿಗೆ ಸ್ಥಳಾಂತರವಾಗಿ, ಅಲ್ಲೂ ಎಂಜಿಬಿಯ ಚಿಪ್ಪುಗಳನ್ನು ಬೆಸೆಯುವ ಕೆಲಸವನ್ನು ಮುಂದುವರಿಸಿತು.